ನಗರಸಭೆಯ ಲೆಕ್ಕ, ನಲ್ಲಿಯ ಲೆಕ್ಕ

ಹಾಲಿನ ಲೆಕ್ಕ ಇಡದ ಮನೆ ನಮ್ಮ ಊರುಗಳಲ್ಲಿ ವಿರಳ. ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನಕ್ಕೊಂದು ಸೊನ್ನೆ, ಹೆಚ್ಚು ಹಾಲು ಕೊಂಡ ದಿನಕ್ಕೊಂದು ಗೀಟು. ತಿಂಗಳ ಕೊನೆಗೆ ಹಾಲಿನವನು ಬಂದು ನಿಂತಾಗ ಮನೆಯಾಕೆ ಆ ಗುರುತುಗಳನ್ನು ಎಣಿಸಿ ಹಣ ಕೊಡುತ್ತಾಳೆ. ಹಾಲಿನವನೂ ತಕರಾರು ಎತ್ತುವುದಿಲ್ಲ. ತನ್ನ ಪುಸ್ತಕದ ಲೆಕ್ಕಕ್ಕಿಂತ ಗೋಡೆಯ ಮೇಲಿನ ಲೆಕ್ಕಕ್ಕೇ ನಂಬಿಕೆ ಹೆಚ್ಚೆಂಬುದು ಅವನಿಗೂ ಗೊತ್ತು.

ಈಗ ನಿಮಗೊಂದು ಪ್ರಶ್ನೆ. ಅದೇ ಅಡಿಗೆಮನೆಯ ನಲ್ಲಿಯಲ್ಲಿ ಕಳೆದ ತಿಂಗಳು ಎಷ್ಟು ದಿನ ನೀರು ಬಂತು? ಬೀದಿಯ ತಿರುವಿನ ದೀಪ ಎಷ್ಟು ರಾತ್ರಿ ಉರಿಯಲಿಲ್ಲ? ಕಸದ ಗಾಡಿ ಎಷ್ಟು ಬೆಳಗ್ಗೆ ಬಾರದೆ ಹೋಯಿತು? ಇವಕ್ಕೂ ನಾವು ಹಣ ಕೊಡುತ್ತೇವೆ. ಮನೆಗಂದಾಯವೆಂದು ಕೊಡುತ್ತೇವೆ, ನೀರಿನ ಬಿಲ್ಲೆಂದು ಕೊಡುತ್ತೇವೆ. ಆದರೆ ಇವುಗಳ ಲೆಕ್ಕ ಇಡುವವರು ಯಾರು? ನಗರಸಭೆಯವರು ಇಡುತ್ತಾರಲ್ಲ ಎಂದು ನೀವು ಹೇಳಬಹುದು. ನಿಜ, ಅವರೂ ಇಡುತ್ತಾರೆ. ಆ ಲೆಕ್ಕ ಯಾವ ಬಗೆಯದು, ಅದರ ಅಳತೆಗೋಲು ಯಾರ ಕೈಯಲ್ಲಿತ್ತು, ಅದು ಯಾರ ಕೈಗೆ ಬರಬೇಕಾಯಿತು ಎಂಬುದಕ್ಕೆ ಒಂದು ಚರಿತ್ರೆಯೇ ಇದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ಆರಂಭಿಸೋಣ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ಒಂದು ಹಸ್ತಪ್ರತಿಯನ್ನು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟವರು ರುದ್ರಪಟ್ಟಣದ ಶಾಮಾಶಾಸ್ತ್ರಿಗಳು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಪಟ್ಟಣದ ಆಡಳಿತಕ್ಕೆಂದೇ ಒಂದು ಅಧ್ಯಾಯ ಉಂಟು. ಪಟ್ಟಣಕ್ಕೆ ಒಬ್ಬ ಮುಖ್ಯಾಧಿಕಾರಿ. ಅವನ ಕೈಕೆಳಗೆ ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳಿಗೆ ಒಬ್ಬೊಬ್ಬನಂತೆ ಗೋಪರೆಂಬ ನೌಕರರು. ಬೀದಿಗೆ ಕಸ ಚೆಲ್ಲಿದವನಿಗೆ ಎಂಟರಲ್ಲೊಂದು ಪಾಲು ಪಣ ದಂಡ. ಕೆಸರುನೀರು ಕಟ್ಟಿ ನಿಲ್ಲಿಸಿದವನಿಗೆ ಕಾಲು ಪಣ. ರಾಜಬೀದಿಯಲ್ಲಾದರೆ ಅದರ ಎರಡರಷ್ಟು. ಇಷ್ಟರಲ್ಲಿ ಆಶ್ಚರ್ಯವೇನಿಲ್ಲ. ದಂಡ ಹಾಕುವುದು ಎಲ್ಲ ಆಳುವವರಿಗೂ ತಿಳಿದ ವಿದ್ಯೆ. ಆದರೆ ಮುಖ್ಯಾಧಿಕಾರಿಗೂ ಅಲ್ಲೊಂದು ಕಟ್ಟಳೆ ಇದೆ. ನೀರಿನ ತಾಣಗಳನ್ನೂ ದಾರಿಗಳನ್ನೂ ಕೋಟೆಗೋಡೆಗಳನ್ನೂ ಅವನು ಪ್ರತಿನಿತ್ಯ ನೋಡಿ ಬರಬೇಕು. ತಿಂಗಳಿಗೊಮ್ಮೆಯಲ್ಲ, ವರ್ಷಕ್ಕೊಮ್ಮೆಯೂ ಅಲ್ಲ, ಪ್ರತಿನಿತ್ಯ.

ಆ ಅಧಿಕಾರಿಗೆ ಕೌಟಿಲ್ಯ ಕೊಟ್ಟ ಹೆಸರು 'ನಾಗರಿಕ' ಎಂದು. ಇಂದು ಆ ಮಾತಿಗೆ ನಾವು ಹೇಳುವ ಅರ್ಥವೇ ಬೇರೆ: ಊರಿನಲ್ಲಿ ವಾಸಮಾಡುವ, ತೆರಿಗೆ ತೆರುವ, ಓಟು ಹಾಕುವ ನೀವು ಮತ್ತು ನಾನು. ಅಧಿಕಾರಿಯ ಹೆಸರು ಪ್ರಜೆಗೆ ಬಂತು. ಹೆಸರಿನ ಜೊತೆಗೆ ಅವನ ಕೆಲಸವೂ ನಮ್ಮ ಪಾಲಿಗೆ ಬಂದಿದೆಯೆ ಎಂಬುದೇ ಈ ಲೇಖನದ ವಿಷಯ.

ಬೆಂಗಳೂರಿಗೆ ಪುರಸಭೆ ಬಂದದ್ದು ೧೮೬೨ರಲ್ಲಿ, ೧೮೫೦ನೆಯ ಇಸವಿಯ ಒಂದು ಕಾಯಿದೆಯ ಮೇರೆಗೆ. ೧೮೮೧ರಲ್ಲಿ ಮೈಸೂರು ಸಂಸ್ಥಾನ ಮತ್ತೆ ಮಹಾರಾಜರ ಕೈಸೇರಿದ ಮೇಲೆ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆಗಳು ಬೇರೆ ಬೇರೆಯಾಗಿಯೇ ನಡೆದುವು. ಎರಡೂ ಒಂದಾಗಿ ಕಾರ್ಪೊರೇಷನ್ ಆದದ್ದು ಸ್ವಾತಂತ್ರ್ಯ ಬಂದ ಮೇಲೆ, ೧೯೪೯ರಲ್ಲಿ. ಆ ಹಳೆಯ ಪುರಸಭೆಗಳು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಆಡಳಿತ ವರದಿ ಒಪ್ಪಿಸುತ್ತಿದ್ದುವು. ವಸೂಲಾದ ತೆರಿಗೆ ಎಷ್ಟು, ಖರ್ಚಾದದ್ದು ಎಷ್ಟು, ದೀಪಗಳೆಷ್ಟು, ಚರಂಡಿಯ ಉದ್ದವೆಷ್ಟು, ದೇವಿ ಹಾಕಿಸಿಕೊಂಡ ಮಕ್ಕಳೆಷ್ಟು, ಹುಟ್ಟಿದವರೆಷ್ಟು, ಸತ್ತವರೆಷ್ಟು ಎಂಬ ಲೆಕ್ಕ. ಸರ್ಕಾರ ಅದನ್ನು ಓದಿ, ತನ್ನ ಅಭಿಪ್ರಾಯ ಬರೆದು ಹಿಂದಕ್ಕೆ ಕಳುಹಿಸುತ್ತಿತ್ತು.

ಈ ವರದಿಗಳನ್ನು ಹಗುರವಾಗಿ ಕಾಣಬಾರದು. ಜನನ ಮರಣದ ಪಟ್ಟಿಯೊಂದನ್ನೇ ನೋಡಿ. ಊರಿನ ನೀರು ಕೆಟ್ಟಿದೆಯೆಂಬುದನ್ನು ಮೊದಲು ಹೇಳುತ್ತಿದ್ದದ್ದು ಆ ಪಟ್ಟಿ. ಧರ್ಮಾಂಬುಧಿ, ಸಂಪಂಗಿ, ಹಲಸೂರು ಮುಂತಾದ ಕೆರೆಗಳ ನೀರನ್ನೇ ನೆಚ್ಚಿದ್ದ ಬೆಂಗಳೂರಿಗೆ ಅರ್ಕಾವತಿಯ ನೀರನ್ನು ಹೆಸರಘಟ್ಟದಿಂದ ಕೊಳಾಯಿಯಲ್ಲಿ ತರುವ ಕೆಲಸ ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, ೧೮೯೦ರ ದಶಕದಲ್ಲಿ ಕೈಗೂಡಿತು. ೧೯೦೫ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದು ಬೀದಿಯ ದೀಪಗಳಿಗೂ ಹೊಸ ಬೆಳಕು ಬಂತು. ವರದಿಯಲ್ಲಿ ಎಣಿಸಲು ಹೊಸ ಬಾಬುಗಳೂ ಸೇರಿದುವು.

ಆದರೂ ಆ ಲೆಕ್ಕದಲ್ಲಿ ಒಂದು ಕೊರತೆ ಇತ್ತು. ದೀಪದ ಕಂಬಗಳೆಷ್ಟು ಎಂದು ವರದಿ ಹೇಳುತ್ತಿತ್ತು. ಅಮಾವಾಸ್ಯೆಯ ರಾತ್ರಿ ಅವುಗಳಲ್ಲಿ ಎಷ್ಟು ಉರಿದುವು ಎಂಬುದನ್ನು ಕಂಬದ ಕೆಳಗೆ ಮನೆ ಮಾಡಿಕೊಂಡವನನ್ನು ಕೇಳಿದರಲ್ಲವೆ ತಿಳಿಯುವುದು? ಅವನನ್ನು ಕೇಳುವ ಪದ್ಧತಿ ಇರಲಿಲ್ಲ. ವರದಿ ಹೋಗುತ್ತಿದ್ದದ್ದು ಮೇಲಕ್ಕೆ, ಸರ್ಕಾರದ ಕಡೆಗೆ. ಕೆಳಗಡೆ ಬೀದಿಯವರಿಗೆ ಅದರ ಸುದ್ದಿಯೂ ಇರುತ್ತಿರಲಿಲ್ಲ.

ಕೇಳದೆ ಮಾಡುವ ತಪಾಸಣೆ ಎಲ್ಲಿಗೆ ಮುಟ್ಟೀತು ಎಂಬುದು ೧೮೯೮ರಲ್ಲಿ ಗೊತ್ತಾಯಿತು. ಆ ವರ್ಷ ಬೆಂಗಳೂರಿಗೆ ಪ್ಲೇಗು ಬಂತು. ಮನೆಮನೆಯ ತನಿಖೆ ನಡೆಯಿತು. ರೋಗಿಗಳನ್ನೂ ಅವರ ಮನೆಯವರನ್ನೂ ಊರ ಹೊರಗಿನ ಶೆಡ್ಡುಗಳಿಗೆ ಸಾಗಿಸತೊಡಗಿದರು. ಅಧಿಕಾರಿಗಳ ಉದ್ದೇಶ ಒಳ್ಳೆಯದೇ. ಆದರೆ ಜನ ಹೆದರಿದರು, ರೋಗಿಗಳನ್ನು ಬಚ್ಚಿಟ್ಟರು, ಸಾವನ್ನೂ ಮುಚ್ಚಿಟ್ಟರು. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗಿನ ಕಟ್ಟುನಿಟ್ಟುಗಳ ವಿರುದ್ಧ ಗಲಭೆಯೇ ಎದ್ದಿತು. ಮಲ್ಲೇಶ್ವರ, ಬಸವನಗುಡಿಯಂಥ ವಿಶಾಲವಾದ ಬಡಾವಣೆಗಳು ಬೆಳೆದದ್ದು ಆ ಪೆಟ್ಟಿನ ಪಾಠದಿಂದ ಎಂಬುದನ್ನು ನೀವು ಕೇಳಿರಬಹುದು. ಇನ್ನೊಂದು ಪಾಠವೂ ಅದರಲ್ಲಿತ್ತು: ಜನ ನಂಬದ ಲೆಕ್ಕಿಗನಿಗೆ ನಿಜವಾದ ಲೆಕ್ಕ ಸಿಕ್ಕುವುದಿಲ್ಲ. ಈ ಎರಡನೆಯ ಪಾಠವನ್ನು ನಾವು ಬಹುಕಾಲ ಮರೆತೆವು.

ಸ್ವಾತಂತ್ರ್ಯ ಬಂದ ಮೇಲೆ ನಗರಸಭೆಯನ್ನು ವಿಚಾರಿಸುವವರು ಇಬ್ಬರಾದರು. ಒಬ್ಬರು ಸರ್ಕಾರದ ಲೆಕ್ಕ ತನಿಖೆಯವರು, ಇನ್ನೊಬ್ಬರು ಮತದಾರರು. ಲೆಕ್ಕ ತನಿಖೆಯವರು ಕೇಳುವುದು, ಖರ್ಚಾದ ರೂಪಾಯಿಗೆ ರಸೀತಿ ಇದೆಯೆ, ಮಂಜೂರಾತಿ ಇದೆಯೆ ಎಂದು. ಅದು ಬೇಕಾದ ಪ್ರಶ್ನೆಯೇ. ಆದರೆ ರಸೀತಿ ಸರಿಯಾಗಿದ್ದೂ ಚರಂಡಿ ಕಟ್ಟಿಕೊಂಡೇ ಇರಬಹುದಲ್ಲ! ಇನ್ನು ಮತದಾರ ಹಲವು ವರ್ಷಗಳಿಗೊಮ್ಮೆ ಒಂದು ಓಟು ಹಾಕುತ್ತಾನೆ. ಆ ಒಂದು ಓಟಿನಲ್ಲಿ ನೀರು, ದೀಪ, ಕಸ, ರಸ್ತೆ, ಪಕ್ಷ, ಪರಿಚಯ ಎಲ್ಲವೂ ಕಲಸಿಕೊಂಡಿರುತ್ತವೆ. ಯಾವುದಕ್ಕೆ ಮೆಚ್ಚುಗೆ, ಯಾವುದಕ್ಕೆ ಮುನಿಸು ಎಂದು ಅದರಿಂದ ತಿಳಿಯುವುದು ಕಷ್ಟ.

ಈ ನಡುವೆ ಊರಿನ ಕೆಲಸಗಳೂ ಹಲವರ ಕೈಗೆ ಹಂಚಿಹೋದುವು. ವಿದ್ಯುತ್ತಿಗೆ ೧೯೫೭ರಲ್ಲಿ ಒಂದು ಮಂಡಲಿ. ಬೆಂಗಳೂರಿನ ನೀರು ಮತ್ತು ಒಳಚರಂಡಿಗೆ ೧೯೬೪ರಲ್ಲಿ ಇನ್ನೊಂದು ಮಂಡಲಿ. ನಿವೇಶನ ಬಡಾವಣೆಗಳಿಗೆ ೧೯೭೬ರಲ್ಲಿ ಅಭಿವೃದ್ಧಿ ಪ್ರಾಧಿಕಾರ. ಒಂದೊಂದಕ್ಕೂ ಕಾರಣಗಳಿದ್ದುವು, ಕಾವೇರಿಯ ನೀರನ್ನು ಅಷ್ಟು ದೂರದಿಂದ ಎತ್ತರಕ್ಕೆ ತರುವುದು ಸಣ್ಣ ಕೆಲಸವಲ್ಲ. ಆದರೆ ಬೀದಿಯವರ ಪಾಡೇನಾಯಿತು? ರಸ್ತೆ ಅಗೆದದ್ದು ಏಕೆಂದು ಕೌನ್ಸಿಲರನ್ನು ಕೇಳಿದರೆ, ಅಗೆದವರು ನೀರಿನವರು ಎನ್ನುತ್ತಿದ್ದರು. ನೀರಿನವರನ್ನು ಕೇಳಿದರೆ, ಮುಚ್ಚಬೇಕಾದವರು ಕಾರ್ಪೊರೇಷನ್ನಿನವರು ಎನ್ನುತ್ತಿದ್ದರು. ದೂರು ಕೇಳಬೇಕಾದ ಸಭೆ ಒಂದು ಕಡೆ, ಕೆಲಸ ಮಾಡುವ ಕೈ ಇನ್ನೊಂದು ಕಡೆ.

ಈ ಗೊಂದಲದ ನಡುವೆ, ೧೯೯೩-೯೪ರಲ್ಲಿ, ಬೆಂಗಳೂರಿನಲ್ಲಿ ಒಂದು ಹೊಸ ಪ್ರಯೋಗ ನಡೆಯಿತು. ಅಹಮದಾಬಾದಿನ ಮ್ಯಾನೇಜ್‌ಮೆಂಟ್ ವಿದ್ಯಾಸಂಸ್ಥೆಯ ನಿರ್ದೇಶಕರಾಗಿದ್ದು, ವಿಶ್ವಬ್ಯಾಂಕಿನಲ್ಲೂ ಕೆಲಸ ಮಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಸ್ಯಾಮ್ಯುಯೆಲ್ ಪಾಲ್ ಅವರು ಬಹು ಸರಳವಾದ ಒಂದು ಮಾತನ್ನು ಹಿಡಿದರು. ಸಾಬೂನು ಮಾರುವ ಕಂಪನಿ ಕೂಡ ತನ್ನ ಗಿರಾಕಿಯನ್ನು 'ಹೇಗಿದೆ?' ಎಂದು ಕೇಳುತ್ತದೆ; ನೀರು ಕೊಡುವ ಕಚೇರಿ ಏಕೆ ಕೇಳಬಾರದು? ಕಚೇರಿ ಕೇಳದಿದ್ದರೆ ನಾವೇ ಕೇಳೋಣ. ಹೀಗೆಂದು ಸುಮಾರು ೧,೨೦೦ ಮನೆಗಳಲ್ಲಿ ವಿಚಾರಣೆ ನಡೆಯಿತು. ಅನುಕೂಲಸ್ಥರ ಮನೆಗಳಷ್ಟೇ ಅಲ್ಲ, ಕೊಳೆಗೇರಿಗಳ ಗುಡಿಸಿಲುಗಳೂ ಅದರಲ್ಲಿದ್ದುವು. ಯಾವ ಕಚೇರಿಗೆ ಹೋಗಿದ್ದಿರಿ, ಎಷ್ಟು ಬಾರಿ ಅಲೆದಿರಿ, ಕೆಲಸವಾಯಿತೆ, ಲಂಚ ಕೊಡಬೇಕಾಯಿತೆ, ಒಟ್ಟಿನಲ್ಲಿ ತೃಪ್ತಿಯಾಯಿತೆ ಎಂಬ ಪ್ರಶ್ನೆಗಳು.

ಬಂದ ಉತ್ತರಗಳನ್ನು ಶಾಲೆಯ ಮಕ್ಕಳಿಗೆ ಅಂಕ ಕೊಡುವಂತೆ ಪಟ್ಟಿಮಾಡಿ ೧೯೯೪ರಲ್ಲಿ ಪ್ರಕಟಿಸಿದರು. ಅದೇ 'ನಾಗರಿಕರ ಅಂಕಪಟ್ಟಿ'. ಅಭಿವೃದ್ಧಿ ಪ್ರಾಧಿಕಾರದ ಕೆಲಸದಿಂದ ತೃಪ್ತರಾದವರು ನೂರಕ್ಕೆ ೧. ಅತೃಪ್ತರು ನೂರಕ್ಕೆ ೬೫. ನೀರಿನ ಮಂಡಲಿಗೆ ತೃಪ್ತಿಯ ಅಂಕ ೪; ಕಾರ್ಪೊರೇಷನ್ನಿಗೆ ೫. ಸರ್ಕಾರಿ ಆಸ್ಪತ್ರೆಗಳಿಗೆ ಸ್ವಲ್ಪ ಮೇಲು, ೨೫. ಕೊಳೆಗೇರಿಯವರಲ್ಲಿ ಮೂರರಲ್ಲೊಂದು ಪಾಲು ಜನ ಲಂಚ ಕೊಟ್ಟಿದ್ದರೆಂಬುದೂ ಹೊರಬಿತ್ತು. ಬಡವನಿಗೆ ಸರ್ಕಾರದ ಸೌಕರ್ಯ ಪುಕ್ಕಟೆ ಎಂದು ಭಾವಿಸಿದ್ದವರಿಗೆ, ಅವನು ಅದಕ್ಕೆ ಬೇರೊಂದು ಬಾಗಿಲಲ್ಲಿ ಬೆಲೆ ತೆರುತ್ತಿದ್ದಾನೆಂಬುದು ತಿಳಿಯಿತು.

ಬೆಂಗಳೂರಿನವರಿಗೆ ಇದರಲ್ಲಿ ಹೊಸ ಸುದ್ದಿ ಏನಿತ್ತು ಎಂದು ನೀವು ಕೇಳಬಹುದು. ಕಚೇರಿಗಳಿಗೆ ಅಲೆದು ಸಾಕಾದವರಿಗೆ ಅಂಕಪಟ್ಟಿ ಬೇಕೆ? ಬೇಕು. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಗೊಣಗಿದರೆ ಅದು ಗೊಣಗಾಟ; ಸಾವಿರ ಮನೆಯ ಗೊಣಗಾಟವನ್ನು ಎಣಿಸಿ, ಕೂಡಿಸಿ, ಇನ್ನೊಂದು ಕಚೇರಿಯ ಲೆಕ್ಕದ ಪಕ್ಕದಲ್ಲಿಟ್ಟರೆ ಅದು ಸಾಕ್ಷ್ಯ. ಪತ್ರಿಕೆಗಳು ಅದನ್ನು ವಾರಗಟ್ಟಲೆ ಚರ್ಚಿಸಿದುವು. ಎಲ್ಲಕ್ಕಿಂತ ಕಡಿಮೆ ಅಂಕ ಪಡೆದ ಪ್ರಾಧಿಕಾರದ ಮುಖ್ಯಸ್ಥರೇ ಮೊದಲಾಗಿ ಮುಂದೆ ಬಂದು, ಸುಧಾರಣೆಗೆ ಸಲಹೆ ಕೇಳಿದರೆಂಬುದು ಅವರಿಗೆ ಭೂಷಣವಾದ ಮಾತು. ಅದೇ ವರ್ಷ ಪಾಲ್ ಅವರು ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮುಂದೆ ಈ ಅಂಕಪಟ್ಟಿಯ ಪದ್ಧತಿ ನಮ್ಮ ದೇಶದ ಬೇರೆ ಊರುಗಳಿಗೆ ಹೋಯಿತು. ಫಿಲಿಪ್ಪೀನ್ಸ್, ಉಗಾಂಡಾದಂಥ ದೇಶಗಳಿಗೂ ಹೋಯಿತು.

ಆದರೆ ಅಂಕ ಕೊಟ್ಟೊಡನೆ ಹುಡುಗ ಜಾಣನಾಗುವುದಿಲ್ಲ. ೧೯೯೯ರಲ್ಲಿ ಎರಡನೆಯ ಅಂಕಪಟ್ಟಿ ಬಂದಾಗ ತೃಪ್ತಿ ಸ್ವಲ್ಪ ಏರಿತ್ತು, ಲಂಚವೂ ಅದರೊಡನೆ ಏರಿತ್ತು! ಅಳತೆ ಸರಿಯಾಗಿದ್ದರೂ ಅಳೆಸಿಕೊಂಡವರು ಎದುರಿಗೆ ನಿಂತು ಉತ್ತರ ಹೇಳಬೇಕಾದ ಒಂದು ಜಾಗ ಇರಲಿಲ್ಲ. ಅದೇ ವರ್ಷ ಎಸ್. ಎಂ. ಕೃಷ್ಣ ಅವರ ಸರ್ಕಾರ ನಂದನ್ ನಿಲೇಕಣಿಯವರ ಅಧ್ಯಕ್ಷತೆಯಲ್ಲಿ 'ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್' ಎಂಬ ಕಾರ್ಯಪಡೆಯನ್ನು ನೇಮಿಸಿತು. ಆಗ ನಡೆದ ಬಹಿರಂಗ ಸಭೆಗಳಲ್ಲಿ ಕಾರ್ಪೊರೇಷನ್, ನೀರು, ವಿದ್ಯುತ್ತು, ಬಸ್ಸು, ಪೊಲೀಸು ಮುಂತಾದ ಇಲಾಖೆಗಳ ಮುಖ್ಯಸ್ಥರು ಮುಖ್ಯಮಂತ್ರಿಗಳ ಎದುರಿಗೆ, ಊರವರ ಎದುರಿಗೆ ನಿಂತು, ಹಿಂದಿನ ಸಭೆಯಲ್ಲಿ ಏನು ಮಾತು ಕೊಟ್ಟಿದ್ದೆವು, ಎಷ್ಟು ನಡೆಸಿದೆವು ಎಂದು ಒಪ್ಪಿಸಬೇಕಾಯಿತು. ೨೦೦೨ರಲ್ಲಿ ಕೆಲವು ನಾಗರಿಕ ಸಂಸ್ಥೆಗಳು ಸೇರಿ, ಮಹಾನಗರಪಾಲಿಕೆಯ ಆದಾಯ ವೆಚ್ಚದ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಬಹಿರಂಗವಾಗಿ ಓದಿ ಚರ್ಚಿಸುವ ಪರಿಪಾಠವನ್ನೂ ಆರಂಭಿಸಿದುವು. ೨೦೦೩ರ ಮೂರನೆಯ ಅಂಕಪಟ್ಟಿಯಲ್ಲಿ ಹೆಚ್ಚಿನ ಇಲಾಖೆಗಳ ಅಂಕ ಗಣನೀಯವಾಗಿ ಮೇಲೇರಿತು. ಲಂಚದ ಹಾವಳಿಯೂ ಇಳಿಮುಖವಾಗಿತ್ತು.

ಇಷ್ಟಕ್ಕೇ ಕಥೆ ಸುಖಾಂತವಾಯಿತೆಂದು ಹೇಳುವಂತಿಲ್ಲ. ಕಾರ್ಯಪಡೆಯ ಸದಸ್ಯರು ಸರ್ಕಾರ ಆರಿಸಿದವರೇ ಹೊರತು ಜನ ಆರಿಸಿದವರಲ್ಲ. ಚುನಾಯಿತ ಕೌನ್ಸಿಲರುಗಳನ್ನು ಬದಿಗಿಟ್ಟು ಕೆಲಸ ನಡೆಯುತ್ತಿದೆಯೆಂಬ ಆಕ್ಷೇಪ ಅಂದೇ ಇತ್ತು, ಅದರಲ್ಲಿ ಹುರುಳೂ ಇತ್ತು. ೨೦೦೪ರಲ್ಲಿ ಸರ್ಕಾರ ಬದಲಾದಾಗ ಆ ಪಡೆಯೂ ಮರೆಯಾಯಿತು. ಬುಡವಿಲ್ಲದ ಗಿಡ ಎಷ್ಟು ಹೂ ಬಿಟ್ಟರೇನು?

ಆಮೇಲಿನ ವರ್ಷಗಳಲ್ಲಿ ಅಳತೆಗಳು ಕಾನೂನಿನ ಒಳಗೆ, ಕಚೇರಿಯ ಒಳಗೆ ಸೇರಿದುವು. ೨೦೦೮ರಲ್ಲಿ ಕೇಂದ್ರ ಸರ್ಕಾರ ನೀರು, ಒಳಚರಂಡಿ, ಕಸ, ಮಳೆನೀರು ಚರಂಡಿ ಎಂಬ ನಾಲ್ಕು ಬಾಬುಗಳಿಗೆ ೨೮ ಅಳತೆಗಳನ್ನು ಗೊತ್ತುಮಾಡಿತು. ಒಬ್ಬೊಬ್ಬರಿಗೆ ದಿನಕ್ಕೆ ೧೩೫ ಲೀಟರು ನೀರು, ದಿನದ ೨೪ ಗಂಟೆಯೂ ನೀರು ಎಂಬುವು ಅದರಲ್ಲಿ ಗುರಿಗಳು. ಹದಿಮೂರನೆಯ ಹಣಕಾಸು ಆಯೋಗ, ಹೀಗೆ ತಮ್ಮ ಗುರಿಗಳನ್ನು ಪ್ರಕಟಿಸುವುದನ್ನು ಊರುಗಳಿಗೆ ಕೊಡುವ ಅನುದಾನದ ಒಂದು ಷರತ್ತಾಗಿಯೇ ಮಾಡಿತು. ಇಪ್ಪತ್ತನಾಲ್ಕು ಗಂಟೆ ನೀರೆಂಬುದು ಬರಿಯ ಕನಸು ಎಂದು ನಕ್ಕವರಿಗೆ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳು ಆ ವೇಳೆಗೆ ಉತ್ತರ ಕೊಟ್ಟವು. ದಿನಗಟ್ಟಲೆ ಕಾದು ಕೊಡ ತುಂಬಿಸುತ್ತಿದ್ದ ಊರುಗಳಲ್ಲಿ, ಪ್ರಾಯೋಗಿಕವಾಗಿ ಆರಿಸಿದ ಬೀದಿಗಳ ನಲ್ಲಿಗಳಲ್ಲಿ ಹಗಲೂ ರಾತ್ರಿಯೂ ನೀರು ಹರಿಯಿತು.

ಕರ್ನಾಟಕ ಸರ್ಕಾರ ೨೦೧೧ರಲ್ಲಿ ಮಾಡಿದ 'ಸಕಾಲ' ಕಾನೂನು ೨೦೧೨ರಲ್ಲಿ ಜಾರಿಗೆ ಬಂತು. ಮೊದಲು ೧೫೧ ಸೇವೆಗಳಿಗೆ ಇಷ್ಟಿಷ್ಟು ದಿನವೆಂದು ಗಡುವು ಗೊತ್ತುಮಾಡಿದರು. ಜನನ ಪತ್ರವೋ ಖಾತೆಯ ನಕಲೋ, ಅರ್ಜಿ ಕೊಟ್ಟವನಿಗೆ ಒಂದು ಸಂಖ್ಯೆ ಕೊಡಬೇಕು. ಗಡುವು ಮೀರಿದರೆ ದಿನಕ್ಕೆ ೨೦ ರೂಪಾಯಿಯಂತೆ, ೫೦೦ ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ. ಮೊತ್ತ ಸಣ್ಣದು, ಆದರೆ ಕೌಟಿಲ್ಯನ ಕಾಲದ ದಂಡ ಬೀದಿಯವನಿಗೆ ಬೀಳುತ್ತಿತ್ತು, ಇಲ್ಲಿ ತಡಮಾಡಿದ ಅಧಿಕಾರಿಗೆ ಬೀಳುತ್ತದೆ. ಚರಿತ್ರೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಹಾಗಾದರೆ ಇನ್ನೇನು ಬೇಕು? ಅಳತೆಗಳಿಗೂ ಒಂದು ರೋಗ ಉಂಟೆಂಬುದನ್ನು ಮರೆಯಬಾರದು. ಯಾವುದನ್ನು ಅಳೆಯುತ್ತಾರೋ ಅದನ್ನಷ್ಟೇ ಮಾಡಿ ತೋರಿಸುವ ಚಾಳಿ ಎಲ್ಲ ಕಚೇರಿಗಳಲ್ಲೂ ಹುಟ್ಟುತ್ತದೆ. ದೂರುಗಳನ್ನು ಎಷ್ಟು ಬೇಗ ಮುಗಿಸಿದರೆಂದು ಎಣಿಸಿದರೆ, ಬಲ್ಬು ಹಾಕದೆಯೇ ದೂರು 'ಮುಗಿಯಿತು' ಎಂದು ಬರೆಯುವ ಆಸೆ ಹುಟ್ಟುತ್ತದೆ. ಊರಿಗೆಲ್ಲ ಒಂದೇ ಸರಾಸರಿ ಹೇಳಿದರೆ, ದಿನವಿಡೀ ನೀರು ಬರುವ ಬಡಾವಣೆ, ವಾರಕ್ಕೊಮ್ಮೆ ಟ್ಯಾಂಕರು ಬರುವ ಕೇರಿ, ಎರಡೂ ಆ ಒಂದೇ ಅಂಕಿಯಲ್ಲಿ ಕರಗಿಹೋಗುತ್ತವೆ. ದೂರು ಕೊಡಲು ಬಿಡುವೂ ಫೋನೂ ಉಳ್ಳವರ ದೂರೇ ಮೇಲೆ ತೇಲುತ್ತದೆ. ೧೯೯೪ರ ಅಂಕಪಟ್ಟಿಯವರು ಗುಡಿಸಿಲಿಗೂ ಹೋಗಿ ಕೇಳಿದ್ದು ಇದಕ್ಕಾಗಿಯೇ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ೨೦೦೭ರಲ್ಲಿ ಸುತ್ತಲಿನ ಊರುಗಳನ್ನು ಸೇರಿಸಿಕೊಂಡು ಬೃಹತ್ ಆದ ಬೆಂಗಳೂರಿನ ಪಾಲಿಕೆಯಲ್ಲಿ, ೨೦೨೦ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆಡಳಿತಾಧಿಕಾರಿಗಳೇ ಊರನ್ನು ನಡೆಸಿದರು. ೨೦೨೫ರಲ್ಲಿ ಆ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳನ್ನು ರಚಿಸಿದರು. ಆ ಬರಿದಾದ ವರ್ಷಗಳಲ್ಲಿ ಅಂಕಿ ಅಂಶಗಳಿಗೆ ಬರವಿರಲಿಲ್ಲ. ಕಂಪ್ಯೂಟರಿನ ತೆರೆಯ ಮೇಲೆ ಗುಂಡಿಗಳ ಲೆಕ್ಕವೂ ದೂರುಗಳ ಲೆಕ್ಕವೂ ಮೂಡುತ್ತಿದ್ದುವು. ಇರಲಿಲ್ಲವಾದದ್ದು, ಆ ಲೆಕ್ಕವನ್ನು ಮುಂದಿಟ್ಟುಕೊಂಡು 'ಇದೇಕೆ ಹೀಗೆ?' ಎಂದು ಊರಿನ ಪರವಾಗಿ ಸಭೆಯಲ್ಲಿ ಎದ್ದುನಿಂತು ಕೇಳುವ ವಾರ್ಡಿನ ಸದಸ್ಯ. ಅಂಕಪಟ್ಟಿಗೆ ಸಹಿ ಹಾಕುವ ತಂದೆತಾಯಿಗಳಿಲ್ಲದ ಮಗುವಿನ ಹಾಗಾಯಿತು.

ನೂರ ಅರವತ್ತು ವರ್ಷಗಳಿಗೂ ಮೀರಿದ ಈ ಚರಿತ್ರೆಯಿಂದ ನಾವು ತಿಳಿಯಬೇಕಾದದ್ದು ಇಷ್ಟು. ಒಳ್ಳೆಯ ಅಳತೆಗೆ ಮೂವರು ಬೇಕು: ಲೆಕ್ಕ ಬರೆದಿಡುವ ಕಚೇರಿ, ಅದು ನಿಜವೆ ಸುಳ್ಳೆ ಎಂದು ಹೇಳಬಲ್ಲ ಮನೆ, ಎರಡನ್ನೂ ಎದುರುಬದುರಾಗಿಟ್ಟು ಉತ್ತರ ಕೇಳುವ ಚುನಾಯಿತ ಸಭೆ. ಹಳೆಯ ಪುರಸಭೆಗಳ ಕಾಲದಲ್ಲಿ ಮೊದಲನೆಯದಿತ್ತು, ಎರಡನೆಯದನ್ನು ಕೇಳುವವರಿರಲಿಲ್ಲ. ೧೯೯೪ರಲ್ಲಿ ಎರಡನೆಯದು ಮಾತಾಡಿತು. ಮೂರನೆಯದು ಗಟ್ಟಿಯಾಗದೆ ಮೊದಲಿನೆರಡೂ ನಿಲ್ಲುವುದಿಲ್ಲ.

ಮೂರರಲ್ಲಿ ಒಂದಂತೂ ನಿಮ್ಮ ಕೈಯಲ್ಲೇ ಇದೆ. ಮುಂದಿನ ತಿಂಗಳ ಕ್ಯಾಲೆಂಡರಿನ ಹಾಳೆ ತಿರುವಿದಾಗ ಹಾಲಿನ ಗುರುತಿನ ಕೆಳಗೆ ಇನ್ನೂ ಒಂದು ಸಣ್ಣ ಗುರುತು ಹಾಕಿರಿ: ನೀರು ಬಂದ ದಿನಕ್ಕೊಂದು ಗೀಟು, ಬಾರದ ದಿನಕ್ಕೊಂದು ಸೊನ್ನೆ. ಪಕ್ಕದ ಹತ್ತು ಮನೆಯವರಿಗೂ ಹೇಳಿರಿ. ಹತ್ತು ಮನೆಯ ಲೆಕ್ಕವನ್ನು ಕೂಡಿಸಿ ವಾರ್ಡಿನ ಸಭೆ ಸೇರಿದ ದಿನ ಮೇಜಿನ ಮೇಲೆ ಇಟ್ಟು ನೋಡಿರಿ. ಹತ್ತು ಮನೆಗೊಬ್ಬ ಗೋಪನನ್ನಿಟ್ಟು, ನೀರಿನ ತಾಣವನ್ನು ಪ್ರತಿನಿತ್ಯ ನೋಡಿ ಬರಬೇಕೆಂದು ಕೌಟಿಲ್ಯ ಕಟ್ಟಳೆ ಮಾಡಿದ್ದು ನಾಗರಿಕನಿಗೆ. ಆ ಹೆಸರು ಈಗ ನಿಮ್ಮದು.